ಅವೆಲೀನಳ ಮಗನ ಸುದ್ದಿ

ಆಕ್ರ ಕೋಟೆಯ ಹೊರಗಿನ ಪಾಳೆಯ
೧೧೯೦ ಆಗಸ್ಟ್ ೧೧, ಸಂತ ಲಾರೆನ್ಸರ ಹಬ್ಬದ ಮಾರನೇ ದಿನ

ವೋಸೆಲ್ ಊರಿನ ಪೂಜ್ಯ ಗುರುಗಳಾದ ಓಡೋ ಅವರಿಗೆ ಎರ್ಸಾಂದ ಮಾಡುವ ವಂದನೆಗಳು.

ಹೊರಟ ಆರು ಜನರೂ ತಲುಪಿದ್ದೇವೆ. ಮಿಕ್ಕಿದ್ದು ಹಾಗಿರಲಿ, ಇದೊಂದನ್ನು ಮೊದಲು ಎಲ್ಲರ ಮನೆಗೂ ಮುಟ್ಟಿಸಿ. ಹಡಗಿನಲ್ಲಿ ನನ್ನಣ್ಣ ಗೆರಿನ್ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಕೊಟ್ಟ. ಈಗ ಸುಧಾರಿಸಿದ್ದಾನೆ, ಮತ್ತೆ ಎಲ್ಲರ ಜೊತೆ ಜಗಳಕ್ಕೆ ನಿಲ್ಲುವಷ್ಟು ಸುಧಾರಿಸಿದ್ದಾನೆ ಎಂದು ನಮ್ಮಮ್ಮನಿಗೆ ಹೇಳಿ.

ಇಲ್ಲಿನ ಸ್ಥಿತಿ ಹೀಗಿದೆ. ಕೋಟೆಯೊಳಗೆ ತುರ್ಕರು, ಕ್ರಿಸ್ತನ ನಾಡನ್ನು ಅವರಿಂದ ಬಿಡಿಸಲು ಮುತ್ತಿಗೆ ಹಾಕಿ ಅವರ ಸುತ್ತ ನಾವು. ನಮ್ಮ ಬೆನ್ನ ಹಿಂದೆ ಗುಡ್ಡಗಳ ಮೇಲೆ ಅವರ ಸುಲ್ತಾನನ ದಂಡು. ಕಲ್ಲುಕುಟಿಗ ಮೋರೆಲ್ ಅದನ್ನು ನೋಡಿದವನೇ, "ಎರಡು ಕಲ್ಲಿನ ಮಧ್ಯದ ಗಾರೆ ಆದ್ವಲ್ಲಪ್ಪ" ಅಂದ. ಎಲ್ಲರೂ ನಕ್ಕೆವು. ಬಟ್ಟೆ ಒಗೆಯುವ, ಹೇನು ತೆಗೆಯುವ ಹೆಂಗಸರನ್ನಷ್ಟೇ ಪಾಳೆಯದಲ್ಲಿ ಇಟ್ಟುಕೊಳ್ಳುತ್ತಾರೆ. ಎರಡೂ ಕೆಲಸ ನನಗೆ ಸಿಕ್ಕಿದೆ.

ಹಡಗಿನಲ್ಲಿ ಬೇಸರ ಕಳೆಯಲು ಒಬ್ಬೊಬ್ಬರೂ ಯಾಕೆ ಹೊರಟೆ ಅಂತ ಹೇಳಬೇಕು ಎಂದು ಪಂದ್ಯ ಕಟ್ಟಿದರು. ಪೆರಾನ್, ಉಗೋ ಅಣ್ಣತಮ್ಮಂದಿರು ಬಾಯಿ ಬಿಟ್ಟೇ ಹೇಳಿದರು, ಊರಿನ ಹೊಲ ಇಬ್ಬರಿಗೆ ಸಾಲದು, ಇಲ್ಲಿ ಗೆದ್ದವರಿಗೆ ಭೂಮಿ ಸಿಗುತ್ತದಂತೆ. ಮೋರೆಲನಿಗೆ ಹೆಂಡತಿಯ ಕಾಟವಂತೆ. ಗೆರಿನ್ ಸಂತೆಯ ಜಗಳದಲ್ಲಿ ಒಬ್ಬನ ಕಣ್ಣು ತೆಗೆದದ್ದು ನಿಮಗೆ ಗೊತ್ತೇ ಇದೆ, ಆ ಪಾಪ ಕಳೆಯಲಿ ಅಂತ ಬಂದವನು. ನಾನು ಗಂಡ ಸತ್ತ ಮನೆಯಲ್ಲಿ ಅತ್ತೆಯ ಬಾಯಿಗೆ ಬೀಳಲಾರದೆ ಬಂದೆ. ಕೊನೆಗೆ ಅವೆಲೀನಮ್ಮನ ಮಗ ಜೋಸ್ಲಿನ್‌ನ ಸರದಿ.

"ಗುರುಗಳು ಕರೆದ್ರು, ಬಂದೆ" ಅಂದ.

"ಅಷ್ಟೇನಾ?"

"ಇನ್ನೇನು ಬೇಕು?"

ಅವರು ಅವನನ್ನು ಇನ್ನೂ ಆಡಿಕೊಳ್ಳುತ್ತಿದ್ದಾರೆ. ಅವನು ಚೆನ್ನಾಗಿದ್ದಾನೆ. ಇಲ್ಲಿನ ಜೇನು ನಮ್ಮೂರಿನದಕ್ಕಿಂತ ಕಪ್ಪು ಎಂದು ತಾಯಿಗೆ ತಿಳಿಸಬೇಕಂತೆ.


ವೋಸೆಲ್
೧೧೯೧ ಜನವರಿ ೬, ಮೂವರು ರಾಯರ ಹಬ್ಬ

ಮಗಳೇ ಎರ್ಸಾಂದ,

ನಿನ್ನ ಪತ್ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಕೈಸೇರಿತು. ಹಬ್ಬದ ಪೂಜೆಯಾದ ಮೇಲೆ ಎಲ್ಲರನ್ನೂ ನಿಲ್ಲಿಸಿ ಓದಿದೆ. ಹೇನಿನ ವಿಷಯ, ಹಡಗಿನ ಪಂದ್ಯದ ವಿಷಯ ಬಿಟ್ಟೆ. ದೇವಾಲಯದಲ್ಲಿ ಓದುವಂಥದ್ದಲ್ಲ ಅದು. ನಿನ್ನಪ್ಪ ಇಲ್ಲಿ ಗಂಟೆ ಬಾರಿಸಿಕೊಂಡಿದ್ದಾಗ ನಿನಗೆ ಅಕ್ಷರ ಕಲಿಸಿದ್ದು ಸಾರ್ಥಕವಾಯಿತು. ಆದರೆ ಮುಂದೆ ಬರೆಯುವಾಗ ನಮ್ಮವರ ಪರಾಕ್ರಮವನ್ನು ಬರೆ, ಕೇಳುವವರ ಮನಸ್ಸು ಮೇಲೇಳಬೇಕು.

ಅವೆಲೀನ ತನ್ನ ಮಗನ ಸಾಲುಗಳನ್ನು ಮೂರು ಸಲ ಓದಿಸಿಕೊಂಡಳು. ನಾಲ್ಕನೆಯ ಸಲಕ್ಕೆ ನಾನೇ, "ಸಾಕಮ್ಮ, ಬೇರೆಯವರೂ ಕಾಯ್ತಿದ್ದಾರೆ" ಅನ್ನಬೇಕಾಯಿತು.

ನಾನು ಯುದ್ಧಕ್ಕೆ ಕರೆ ಕೊಟ್ಟ ಆ ಭಾನುವಾರ ನಿನಗೆ ನೆನಪಿರಬೇಕು. ಮಗನ ಕೈ ಹಿಡಿದು ತಡೆಯುವ ತಾಯಿ ಕೊನೆಯ ತೀರ್ಪಿನ ದಿನ ಕ್ರಿಸ್ತನಿಗೇ ಉತ್ತರ ಕೊಡಬೇಕು ಎಂದು ನಾನು ಹೇಳಿದಾಗ ಜೋಸ್ಲಿನ್‌ನ ಕೈ ಅವಳ ಕೈಯಲ್ಲಿತ್ತು. ಅವಳು ಬಿಟ್ಟಳು. ಬೆರಳು ಒಂದೊಂದಾಗಿ ಬಿಟ್ಟದ್ದನ್ನು ನಾನು ಪೀಠದಿಂದ ಕಂಡೆ. ಮೂವತ್ತೈದು ವರ್ಷದ ಗುರುಪಟ್ಟದಲ್ಲಿ ನನ್ನ ಮಾತು ಫಲಿಸಿದ್ದನ್ನು ಅಷ್ಟು ಕಣ್ಣಾರೆ ಇನ್ನೊಮ್ಮೆ ಕಂಡಿಲ್ಲ.

ನಿಮ್ಮೆಲ್ಲರಿಗೂ ಆಶೀರ್ವಾದಗಳು.


ಆಕ್ರ ಪಾಳೆಯ
೧೧೯೧ ಫೆಬ್ರವರಿ ೨೭, ವಿಭೂತಿ ಬುಧವಾರ

ಪೂಜ್ಯ ಗುರುಗಳಿಗೆ,

ಎಲ್ಲರ ಮುಂದೆ ಓದಲು ಇದನ್ನು ಬರೆದಿದ್ದೇನೆ.

ಪೆರಾನ್ ಮತ್ತು ಉಗೋ ಚಳಿಗಾಲದ ಜ್ವರದಲ್ಲಿ ಹೋದರು. ಅಣ್ಣ ಹೋದ ಒಂಬತ್ತನೇ ದಿನಕ್ಕೆ ತಮ್ಮ. ಇಬ್ಬರಿಗೂ ಪಾಪನಿವೇದನೆ ಆಗಿತ್ತು, ಇಬ್ಬರನ್ನೂ ಒಂದೇ ಕಡೆ ಮಣ್ಣು ಮಾಡಿದ್ದೇವೆ.

ಜೋಸ್ಲಿನ್ ಮೇಣದಬತ್ತಿ ಹಬ್ಬದ ದಿನ ಕಂದಕದ ಕಾಳಗದಲ್ಲಿ ಮಡಿದ. ಬಾಣ ತಗುಲಿತು. ಹೆಚ್ಚು ಹೊತ್ತು ನರಳಲಿಲ್ಲ. ತಾಯಿ ಅಂಗಿಗೆ ಹೊಲಿದುಕೊಟ್ಟ ಬಟ್ಟೆಯ ಶಿಲುಬೆ ಎದೆಯ ಮೇಲಿತ್ತು.

ಗೆರಿನ್, ಮೋರೆಲ್, ನಾನು ಇದ್ದೇವೆ.

ಎರ್ಸಾಂದ


ವೋಸೆಲ್
೧೧೯೧ ಜೂನ್ ೨೪, ಸಂತ ಯೊವಾನ್ನರ ಹಬ್ಬ

ಮಗಳೇ,

ನಿನ್ನ ಪತ್ರ ಇಷ್ಟು ಚಿಕ್ಕದಾಗಿದ್ದದ್ದು ಯಾಕೆಂದು ನನಗೆ ಅರ್ಥವಾಗುತ್ತದೆ. ದುಃಖಕ್ಕೆ ಮಾತು ಕಡಿಮೆ.

ಅವೆಲೀನಳ ಮನೆಗೆ ನಾನೇ ಹೋದೆ. ಜೇನುಗೂಡುಗಳ ಬಳಿ ಇದ್ದಳು, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು. ನಾನು ಹೇಳಿ ಮುಗಿಸುವವರೆಗೂ ಅದನ್ನು ಬಿಚ್ಚಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು:

"ಅವತ್ತು ಅವ್ನು ಉಂಡಿದ್ನಾ?"

"ಈಗ ಸ್ವರ್ಗದಲ್ಲಿ ಕ್ರಿಸ್ತನ ಪಂಕ್ತಿಯಲ್ಲೇ ಕೂತಿದ್ದಾನಮ್ಮ" ಅಂದೆ.

"ನಾನು ಕೇಳಿದ್ದು ಅದಲ್ಲ ಗುರುಗಳೇ."

ಮುಂದಿನ ಭಾನುವಾರ ನಾನು ಜೋಸ್ಲಿನ್‌ನ ಬಗ್ಗೆಯೇ ಪ್ರಸಂಗ ಮಾಡಿದೆ. ನಮ್ಮ ಊರಿನ ಹುತಾತ್ಮ. ಎದೆಯ ಮೇಲಿನ ಶಿಲುಬೆ, ಕಂದಕ, ಬಾಣ, ಎಲ್ಲವನ್ನೂ ಹೇಳಿದೆ. ಅಂದೇ ಮೂವರು ಯುವಕರು ಯುದ್ಧಕ್ಕೆ ಹೋಗುವ ಪ್ರತಿಜ್ಞೆ ಮಾಡಿ ಶಿಲುಬೆ ಸ್ವೀಕರಿಸಿದರು, ಸುಗ್ಗಿ ಮುಗಿಸಿ ಹೊರಡುತ್ತಾರೆ. ಒಬ್ಬನ ಸಾವಿಗೆ ಮೂವರು ಏಳುತ್ತಾರೆಂದರೆ ಅದು ದೇವರ ಕೈವಾಡವಲ್ಲದೆ ಮತ್ತೇನು?

ಅವೆಲೀನ ಮಾತ್ರ ಪೂಜೆಗೆ ಬರುತ್ತಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆ ಬಾಗಿಸುತ್ತಾಳೆ, ನಿಲ್ಲುವುದಿಲ್ಲ. ಜೋಸ್ಲಿನ್‌ನನ್ನು ಮಣ್ಣು ಮಾಡಿದ ಜಾಗ ಯಾವುದೆಂದು ನೀನು ಬರೆದಿಲ್ಲ. ಬರೆದರೆ ಅವಳಿಗೆ ಅಷ್ಟಾದರೂ ಸಮಾಧಾನವಾದೀತು.


ಆಕ್ರ ಪಾಳೆಯ
೧೧೯೧ ಜೂನ್ ೩೦, ಸಂತ ಪೇತ್ರ ಪೌಲರ ಹಬ್ಬದ ಮಾರನೇ ದಿನ

ಗುರುಗಳೇ,

ಇದು ನಿಮಗೊಬ್ಬರಿಗೆ. ಎಲ್ಲರ ಮುಂದೆ ಓದಬೇಡಿ.

ನಿಮ್ಮ ಜನವರಿಯ ಪತ್ರ ಬಂತು. ಅವೆಲೀನಮ್ಮ ಬೆರಳು ಒಂದೊಂದಾಗಿ ಬಿಟ್ಟಳು ಎಂದು ಬರೆದಿದ್ದೀರಿ. ಅದನ್ನು ಓದಿದ ಮೇಲೆ ಇನ್ನು ಮುಚ್ಚಿಡಲಾರೆ.

ಜೋಸ್ಲಿನ್ ಸತ್ತಿಲ್ಲ. ನಾನು ಸುಳ್ಳು ಬರೆದೆ.

ಹೋದ ಚಳಿಗಾಲ ಹಡಗುಗಳು ಬರಲಿಲ್ಲ. ಮೊದಲು ಕುದುರೆಗಳನ್ನು ತಿಂದೆವು, ಆಮೇಲೆ ಕುದುರೆಯ ಕರುಳನ್ನು, ಆಮೇಲೆ ಹುಲ್ಲು. ಬೇಯಿಸುತ್ತಿದ್ದ ಮಡಕೆಯ ಸುತ್ತ ಜನ ನಾಯಿಗಳ ಹಾಗೆ ಕಚ್ಚಾಡಿದ್ದನ್ನು ಕಂಡಿದ್ದೇನೆ. ಪೆರಾನ್ ಉಗೋ ಜ್ವರದಲ್ಲಿ ಹೋದದ್ದು ನಿಜ, ಆದರೆ ಹೊಟ್ಟೆಯಲ್ಲಿ ಏನಾದರೂ ಇದ್ದಿದ್ದರೆ ಉಳಿಯುತ್ತಿದ್ದರು. ಜೋಸ್ಲಿನ್‌ನ ಒಸಡು ಕೊಳೆತು ಹಲ್ಲು ಉದುರತೊಡಗಿತ್ತು. ಕಾಲು ಊದಿಕೊಂಡಿತ್ತು. ಆ ಹೊತ್ತಿಗೆ ಎಷ್ಟೋ ಜನ ಕಂದಕ ದಾಟಿ ತುರ್ಕರ ಕಡೆಗೆ ಹೋಗುತ್ತಿದ್ದರು. ಅವರ ದೇವರನ್ನು ಒಪ್ಪಿದವರಿಗೆ ಅಲ್ಲಿ ರೊಟ್ಟಿ ಸಿಗುತ್ತಿತ್ತು.

"ನೀನೂ ಹೋಗು" ಅಂದೆ.

"ಹೋದ್ರೆ ನರಕ ಅಕ್ಕ."

"ಇದೇನು ಮತ್ತೆ? ಇಲ್ಲಿಗಿಂತ ಕೆಟ್ಟದಾಗಿರತ್ತಾ?"

"ಗುರುಗಳಿಗೆ ಏನಂತ ಹೇಳ್ತೀಯ?"

"ಸತ್ತ ಅಂತೀನಿ, ಹೋಗು."

ಅವನು ಅತ್ತ. ನಾನು ಬೆನ್ನ ಮೇಲೆ ಕೈಯಿಟ್ಟು ತಳ್ಳಿದೆ ಗುರುಗಳೇ. ನಿಜವಾಗಿಯೂ ತಳ್ಳಿದೆ. ನಿಮ್ಮ ಮಾತೊಂದನ್ನೇ ನಂಬಿ ಬಂದವನು ನಮ್ಮಲ್ಲಿ ಅವನೊಬ್ಬನೇ. ಭೂಮಿಗೆ ಬಂದವರು, ಪಾಪ ಕಳೆಯಲು ಬಂದವರು, ಮನೆ ಬಿಟ್ಟು ಓಡಿ ಬಂದವರು ಇಲ್ಲೇ ಉಳಿದೆವು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಲ್ಲೆಸೆಯುವ ಯಂತ್ರಗಳು ಸುಮ್ಮನಿದ್ದವು. ಕೋಟೆಯ ಗೋಡೆಯ ಮೇಲಿಂದ ನಮ್ಮೂರಿನ ಮಾತು ಕೇಳಿಸಿತು: "ಏ ಗೆರಿನ್! ಬಿಲ್ಲು ಹಿಡಿಯೋದು ಇನ್ನೂ ಬರಲಿಲ್ವೇನೋ ನಿಂಗೆ? ಕಾಗೆ ಓಡಿಸ್ತಿದ್ದೀಯಾ?" ಗೆರಿನ್ ಬಿಲ್ಲು ಕೆಳಗಿಟ್ಟು ಬಾಯಿ ತೆರೆದುಕೊಂಡು ನಿಂತ. ಫೆಬ್ರವರಿಯಲ್ಲಿ ಸುಲ್ತಾನ ಕೋಟೆಗೆ ಹೊಸ ಕಾವಲಿನವರನ್ನು ಕಳಿಸಿದಾಗ ಜೋಸ್ಲಿನ್‌ನನ್ನೂ ಹಿಟ್ಟು ಬೀಸಲು ಒಳಗೆ ಕಳಿಸಿದ್ದರಂತೆ. ಗಡ್ಡ ಬಿಟ್ಟಿದ್ದಾನೆ. ಆಮೇಲೆ ನಾಲ್ಕೈದು ಸಲ ಮಾತಾಡಿದೆವು, ಕೂಗಿ ಕೂಗಿ. ತಾಯಿಗೆ ಸತ್ತೆ ಅಂತಲೇ ಇರಲಿ ಅಂದ. ನಾನು ಹೂಂ ಅಂದೆ. ಆದರೆ ಇದನ್ನು ಒಬ್ಬಳೇ ಹೊರಲಾರೆ, ನಿಮ್ಮ ತಲೆಗೂ ಹೊರಿಸುತ್ತಿದ್ದೇನೆ. ಅವೆಲೀನಮ್ಮನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.


ವೋಸೆಲ್
೧೧೯೨ ಫೆಬ್ರವರಿ ೨, ಮೇಣದಬತ್ತಿ ಹಬ್ಬ

ಎರ್ಸಾಂದ,

ನಿನ್ನ ಜೂನ್ ತಿಂಗಳ ಪತ್ರ ನವೆಂಬರ್ ಮೊದಲ ದಿನ, ಸಕಲ ಸಂತರ ಹಬ್ಬಕ್ಕೆ ತಲುಪಿತು. ಅದನ್ನು ನಾನು ಬಲಿಪೀಠದ ಬಟ್ಟೆಗಳ ಪೆಟ್ಟಿಗೆಯಲ್ಲಿ ಕ್ರಿಸ್‌ಮಸ್ಸಿನವರೆಗೆ ಬಚ್ಚಿಟ್ಟೆ.

ತಾಯಿಯ ಪಾಲಿಗೆ ಸ್ವರ್ಗದಲ್ಲಿರುವ ಮಗ, ಧರ್ಮ ಬಿಟ್ಟು ಬದುಕಿರುವ ಮಗನಿಗಿಂತ ಮೇಲು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಪತ್ರ ಬಂದ ಹತ್ತು ದಿನಕ್ಕೆ, ಸಂತ ಮಾರ್ಟಿನರ ಹಬ್ಬದಂದು, ಆ ಮೂವರು ಹೊರಡಬೇಕಿತ್ತು. ಜೋಸ್ಲಿನ್‌ನ ಹೆಸರು ಹೇಳಿ ನಾನು ಎಬ್ಬಿಸಿದವರು. ಪತ್ರ ಹೊರಗೆ ಬಂದರೆ ಅವರು ನಿಲ್ಲುತ್ತಿದ್ದರು, ನನ್ನ ಮಾತು ಬೀಳುತ್ತಿತ್ತು. ನಾನು ಅವರ ತಲೆಯ ಮೇಲೆ ಕೈಯಿಟ್ಟು ಹರಸಿ ಕಳಿಸಿದೆ.

ಇನ್ನೊಂದು ವಿಷಯವನ್ನು ಯಾರಿಗೂ ಹೇಳಿಲ್ಲ. ಇಪ್ಪತ್ತರ ಪ್ರಾಯದಲ್ಲಿ, ಹಿಂದಿನ ದೊಡ್ಡ ದಂಡಯಾತ್ರೆಯ ಕಾಲಕ್ಕೆ, ನಾನೂ ಶಿಲುಬೆ ಹೊತ್ತಿದ್ದೆ. ರೈನ್ ನದಿಯವರೆಗೆ ಹೋದೆ. ದಾಟಿಸಲು ದೋಣಿಗಳು ಸಾಲಾಗಿ ನಿಂತಿದ್ದವು. ನನಗೆ ಭಯವಾಯಿತು. ಕಾಲು ಹುಣ್ಣೆಂದು ಸುಳ್ಳು ಹೇಳಿ ಹಿಂದಿರುಗಿದೆ. ನಲವತ್ತೈದು ವರ್ಷ ಆ ಪ್ರತಿಜ್ಞೆ ನನ್ನನ್ನು ತಿಂದಿದೆ. ಅದನ್ನು ತೀರಿಸಲು ನಾನು ಬೇರೆಯವರ ಮಕ್ಕಳನ್ನು ಕಳಿಸಿದೆ. ಪೀಠದ ಮೇಲೆ ನಿಂತು ಕೂಗುವಾಗ ಅದು ದೇವರ ಧ್ವನಿ ಎಂದುಕೊಂಡಿದ್ದೆ.

ಕ್ರಿಸ್‌ಮಸ್ಸಿನ ಮಾರನೇ ದಿನ ಅವೆಲೀನಳ ಮನೆಗೆ ಹೋದೆ. ಅವರೆ ಬಿಡಿಸುತ್ತಿದ್ದಳು. ಹೇಳಿದೆ.

"ಬದುಕಿದಾನೆ ಅಂದ್ರಾ? ಇನ್ನೊಂದ್ ಸಲ ಹೇಳಿ."

"ಬದುಕಿದ್ದಾನೆ. ಆದರೆ ಅವನ ಆತ್ಮ..."

"ಆತ್ಮದ ಮಾತು ಆಮೇಲೆ ಆಡೋಣ. ಗೋಡೆ ಮೇಲೆ ಗಾಳಿ ಜಾಸ್ತಿ ಇರತ್ತಾ? ಅವ್ನಿಗೆ ಎದೆ ಕಟ್ಟತ್ತೆ."

ನಕ್ಕಳು, ಅತ್ತಳು, ಅವರೆಯ ಬುಟ್ಟಿ ಉರುಳಿಸಿದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು.

"ಈ ಕಾಗದ ಬಂದಿದ್ದು ಯಾವತ್ತು?"

ಹೇಳಿದೆ.

"ಎರಡು ತಿಂಗಳು. ಬದುಕಿರೋ ನನ್ನ ಮಗನ್ನ ಎರಡು ತಿಂಗಳು ಸಾಯಿಸಿ ಇಟ್ಕೊಂಡಿದ್ರಿ ನೀವು."

ನಾನು ಬಗ್ಗಿ ಚೆಲ್ಲಿದ ಅವರೆ ಆರಿಸತೊಡಗಿದೆ.

ಅವಳೀಗ ಬೇರೆಯೇ ಹೆಂಗಸಾಗಿದ್ದಾಳೆ. ಮನೆಗೆ ಸುಣ್ಣ ಹೊಡೆಸಿದ್ದಾಳೆ, ಉಣ್ಣೆ ತಂದು ಹೊದಿಕೆ ನೇಯಲು ಕೂತಿದ್ದಾಳೆ. ಆಕ್ರ ಕೋಟೆ ನಮ್ಮ ಕೈಗೆ ಬಂತೆಂದು ಧರ್ಮಾಧ್ಯಕ್ಷರು ಎಲ್ಲ ಊರಲ್ಲೂ ಗಂಟೆ ಬಾರಿಸಿದರು. ಒಳಗಿದ್ದವರ ಜೀವ ಉಳಿಸುವ ಒಪ್ಪಂದವಾಗಿದೆ, ಎರಡೂ ಕಡೆಯ ಸೆರೆಯವರನ್ನು ಬಿಡುತ್ತಾರೆ ಎಂದು ಕೇಳಿದೆವು. ಅಂದರೆ ಜೋಸ್ಲಿನ್ ಸುಲ್ತಾನನ ಕಡೆಯವರ ಜೊತೆ ಹೊರಟು ಎಲ್ಲೋ ಹಳ್ಳಿಯಲ್ಲಿ ಹಿಟ್ಟು ಬೀಸುತ್ತಿರಬೇಕು. ಅವನಿಗೆ ಅವಳು ಹೇಳಿ ಬರೆಸಿದ್ದು ಇದು, ಹೇಗಾದರೂ ಮುಟ್ಟಿಸು:

"ಮಗಾ, ಹೋದ ಬೇಸಿಗೇಲಿ ಮೂರು ಗೂಡು ಜೇನು ಹೊಸದಾಗಿ ಕೂತವು. ನೀನು ಯಾವ ಹೆಸರಲ್ಲಿ ಬೇಡ್ಕೋತೀಯೋ ಬೇಡ್ಕೋ, ನಾನು ಇಲ್ಲಿ ನಿನ್ನ ಹಳೇ ಹೆಸರಲ್ಲೇ ಬೇಡ್ಕೋತೀನಿ. ಅಲ್ಲಿ ಒಳ್ಳೇ ಹುಡುಗಿ ಸಿಕ್ಕಿದ್ರೆ ಮದುವೆ ಆಗು. ಅವತ್ತು ಕೈ ಬಿಟ್ಟಿದ್ದಕ್ಕೆ ನನ್ ಮೇಲೆ ಕೋಪ ಇಟ್ಕೋಬೇಡ."


ಆಕ್ರ
೧೧೯೧ ಆಗಸ್ಟ್ ೨೪, ಸಂತ ಬಾರ್ತೊಲೊಮಾಯರ ಹಬ್ಬ

ಗುರುಗಳಿಗೆ,

ಕೋಟೆ ಜುಲೈ ಹನ್ನೆರಡಕ್ಕೆ ಶರಣಾಯಿತು. ಒಳಗಿದ್ದವರೆಲ್ಲ ಸೆರೆಯಾದರು. ಮೋರೆಲ್ ಅದಕ್ಕೆ ಒಂದು ವಾರ ಮೊದಲು ಗೋಡೆಯ ಕೆಳಗೆ ಸುರಂಗ ತೋಡುವಾಗ ಮಣ್ಣು ಕುಸಿದು ಹೋದ.

ಜೋಸ್ಲಿನ್‌ನನ್ನು ಸೆರೆಯವರ ನಡುವೆ ಹುಡುಕಿದೆ, ಸಿಕ್ಕಿದ. ಬಟ್ಟೆ ಒಗೆಯುವವಳೆಂದು ಕಾವಲಿನವರು ನನ್ನನ್ನು ಒಳಗೆ ಬಿಡುತ್ತಿದ್ದರು. ಐದು ವಾರ ಬಟ್ಟೆಗಂಟಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೋದೆ. ಅವನು ತುರ್ಕನಂತೆಯೇ ಕೂತಿದ್ದ, ನಮ್ಮ ಮಾತು ಬಾರದವನಂತೆ. ಧರ್ಮ ಬಿಟ್ಟವರು ಸಿಕ್ಕರೆ ಅಲ್ಲಿಯೇ ನೇಣು. ಗೆರಿನ್‌ನನ್ನು ಕೇಳಿದೆ, ನಾಯಕನ ಹತ್ತಿರ ಹೋಗಿ ಇವನು ನಮ್ಮವನು ಅನ್ನೋಣವೇ ಎಂದು.

"ನಮ್ಮವನು ಅಂದ್ರೆ ಇವತ್ತೇ ಸಾಯ್ತಾನೆ. ತುರ್ಕ ಅಂತ ಇದ್ರೆ ಬಿಡುಗಡೆ ಆಗತ್ತೆ. ಬಾಯಿ ಮುಚ್ಕೊಂಡಿರು" ಅಂದ.

ಸರಿಯೆನಿಸಿತು. ಜೋಸ್ಲಿನ್‌ಗೂ ಸರಿಯೆನಿಸಿತು. "ಬಿಟ್ಟ ಮೇಲೆ ಗುಡ್ಡದಾಚೆ ಹೋಗಿ ಜೇನು ಸಾಕ್ತೀನಿ ಅಕ್ಕ" ಅಂತ ಪಿಸುಗುಟ್ಟಿದ. ಸೋಮವಾರ ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಒಪ್ಪಂದ ಮುರಿಯಿತು. ಯಾರು ಮುರಿದರೋ, ದೊಡ್ಡವರಿಗೆ ಗೊತ್ತು. ಮಂಗಳವಾರ ಮಧ್ಯಾಹ್ನ ಸೆರೆಯವರನ್ನು ಹಗ್ಗ ಕಟ್ಟಿ ಊರಾಚೆಯ ಬಯಲಿಗೆ ನಡೆಸಿದರು. ಎರಡೂವರೆ ಸಾವಿರಕ್ಕೂ ಹೆಚ್ಚು ಜನ. ಬಿಡುಗಡೆ ಎಂದುಕೊಂಡು ಕೆಲವರು ನಗುತ್ತಿದ್ದರು. ಎದುರಿಗೆ ನಮ್ಮವರು ಕತ್ತಿ ಈಟಿ ಹಿಡಿದು ಸಾಲಾಗಿ ನಿಂತಿದ್ದರು. ನಾನು ಹಳ್ಳದ ಬಳಿ ಇದ್ದೆ. ಓಡಿದೆ. ತಡೆದರು. ಆಗ ಅವನು ಕೂಗಿದ್ದು ಕೇಳಿಸಿತು, ಅಷ್ಟು ದಿನ ಬಚ್ಚಿಟ್ಟಿದ್ದ ನಮ್ಮೂರಿನ ಮಾತಿನಲ್ಲಿ. ಪದಗಳು ಕೇಳಿಸಲಿಲ್ಲ, ಧ್ವನಿ ಮಾತ್ರ. ಯಾರೂ ನಿಲ್ಲಿಸಲಿಲ್ಲ.

ಗೆರಿನ್ ಆ ಸಾಲಿನಲ್ಲಿದ್ದ. ನಾನು ಏನೂ ಕೇಳಿಲ್ಲ, ಅವನೂ ಹೇಳಿಲ್ಲ. ಅಂದಿನಿಂದ ಬಾಯಿಯನ್ನೇ ಬಿಟ್ಟಿಲ್ಲ. ಅವನ ಅಂದಿನ ಅಂಗಿಯನ್ನು ಒಗೆದವಳು ನಾನು.

ಹಿಂದಿನ ಪತ್ರದ ವಿಷಯವನ್ನು ಅವೆಲೀನಮ್ಮನಿಗೆ ನೀವು ಹೇಳಿರಲಾರಿರಿ. ಒಳ್ಳೆಯದೇ ಆಯಿತು. ಅವಳ ಪಾಲಿಗಾದರೂ ಅವನು ಒಂದೇ ಸಲ ಸಾಯಲಿ. ಆದರೆ ಊರಿನಿಂದ ಇನ್ನು ಯಾರಾದರೂ ಹೊರಡುತ್ತೇನೆಂದರೆ ಈ ಪತ್ರವನ್ನು ಎಲ್ಲರ ಮುಂದೆ ಓದಿ. ಒಂದು ಸಾಲೂ ಬಿಡಬೇಡಿ. ನಮ್ಮಮ್ಮನೂ ಕೇಳಲಿ.


ವೋಸೆಲ್
೧೧೯೨ ಮೇ ೧೮

ಮಗಳೇ ಎರ್ಸಾಂದ,

ನಿನ್ನ ಆಗಸ್ಟ್ ತಿಂಗಳ ಪತ್ರ ಏಪ್ರಿಲ್‌ನಲ್ಲಿ, ಪಾಸ್ಕ ಹಬ್ಬದ ಎರಡನೇ ವಾರ ಬಂತು. ಅದನ್ನು ಹೊತ್ತಿದ್ದ ಯಾತ್ರಿಕ ದಾರಿಯಲ್ಲಿ ಕಾಯಿಲೆ ಬಿದ್ದು ಇಡೀ ಚಳಿಗಾಲ ಜಿನೋವಾದ ಒಂದು ಮಠದಲ್ಲಿ ಮಲಗಿದ್ದನಂತೆ. ನಾನು ಅವೆಲೀನಳಿಗೆ ಮಗ ಬದುಕಿದ್ದಾನೆಂದು ಹೇಳಿದ ಹೊತ್ತಿಗೆ ಅವನು ಸತ್ತು ನಾಲ್ಕು ತಿಂಗಳಾಗಿತ್ತು. ನಾವಿಬ್ಬರೂ ಕೂತು ಅವನಿಗೆ ಮದುವೆಯ ಮಾತು ಬರೆದೆವು.

ಈ ಸಲ ಬಚ್ಚಿಡಲಿಲ್ಲ. ಪತ್ರ ಕೈಗೆ ಬಂದ ಗಳಿಗೆಯಲ್ಲೇ ಹೋದೆ. ಅವಳು ಮಗ್ಗದ ಮುಂದಿದ್ದಳು. ನಿಂತುಕೊಂಡೇ ಮೊದಲಿಂದ ಕೊನೆಯವರೆಗೆ ಓದಿದೆ, ನನ್ನ ಧ್ವನಿ ಎಲ್ಲೆಲ್ಲಿ ಒಡೆಯಿತೋ ಅಲ್ಲಿ ಅವಳು ಕಾದಳು. ಮುಗಿದ ಮೇಲೆ ಮಗ್ಗದ ಎಳೆಗಳನ್ನು ಒಂದು ಕಡೆಯಿಂದ ಬಿಡಿಸತೊಡಗಿದಳು. ಅರ್ಧ ಬಿಡಿಸಿ, "ಹೆಸರು ಹೇಳಿ ಪೂಜೆ ಮಾಡ್ತೀರಾ?" ಅಂದಳು.

ಧರ್ಮ ಬಿಟ್ಟು ಸತ್ತವನಿಗೆ ಪೂಜೆ ಕೂಡದು. ನಾನು ಹೂಂ ಅಂದೆ.

"ಊರವರ ಮುಂದೆ ಈ ಕಾಗದ ಓದ್ತೀರಾ?"

"ಎರ್ಸಾಂದ ಓದಲೇಬೇಕು ಅಂದಿದ್ದಾಳೆ. ಒಂದು ಸಾಲೂ ಬಿಡಬಾರದಂತೆ."

"ಗೆರಿನ್ ಆ ಸಾಲಲ್ಲಿದ್ದ ಅನ್ನೋದನ್ನ ಬಿಡಿ" ಅಂದಳು. "ಅವ್ನಮ್ಮ ವಯಸ್ಸಾದೋಳು. ಅವಳಿಗೆ ಗೊತ್ತಾಗೋದು ಬೇಡ."

ಭಾನುವಾರ ಹಾಗೆಯೇ ಮಾಡಿದೆ. ನಿನ್ನ ಎರಡೂ ಪತ್ರಗಳನ್ನು ಓದಿದೆ, ಆ ಮಾತುಗಳನ್ನು ಬಿಟ್ಟು. ನಿನ್ನ ತಾಯಿಗೆ ಗೊತ್ತಿಲ್ಲ, ನೀನು ಬೇಸರ ಮಾಡಿಕೊಳ್ಳಬೇಡ, ಅದು ನನ್ನ ತೀರ್ಮಾನವಲ್ಲ. ಆಮೇಲೆ ರೈನ್ ನದಿಯ ವಿಷಯ ಹೇಳಿದೆ. ಆ ಮೂವರು ಯುವಕರ ಮನೆಯವರು ಮುಂದಿನ ಸಾಲಿನಲ್ಲೇ ಇದ್ದರು. ಒಬ್ಬನ ತಂದೆ ಎದ್ದು ಬಂದು ನನ್ನ ಮುಖಕ್ಕೆ ಉಗುಳಿದ. ಒರೆಸಿಕೊಳ್ಳದೆ ಬಲಿಪೀಠಕ್ಕೆ ಹೋಗಿ, ಸತ್ತವರ ಹೆಸರುಗಳ ಜೊತೆ ಪೆರಾನ್, ಉಗೋ, ಮೋರೆಲ್, ಜೋಸ್ಲಿನ್ ಎಂದು ಓದಿದೆ.

ಧರ್ಮಾಧ್ಯಕ್ಷರಿಗೆ ದೂರು ಹೋಯಿತು. ನನ್ನ ಗುರುಪಟ್ಟ ತೆಗೆದು ಬೆಟ್ಟದ ಮಠಕ್ಕೆ ಪ್ರಾಯಶ್ಚಿತ್ತಕ್ಕೆ ಕಳಿಸುತ್ತಿದ್ದಾರೆ. ನಾಳೆ ಹೊರಡುತ್ತೇನೆ. ಅಲ್ಲಿ ಕಾಗದ, ಮಸಿ ಕೊಡುವುದಿಲ್ಲ, ಇದು ಕೊನೆಯ ಪತ್ರ. ಆ ಮೂವರು ಆಕ್ರಕ್ಕೆ ಬಂದರೆ ನನ್ನ ಹೆಸರು ಹೇಳಿ ಹಿಂದಕ್ಕೆ ಅಟ್ಟು. ಗುರುಗಳೇ ತಪ್ಪು ಮಾಡಿದರು ಎನ್ನು.

ಅವೆಲೀನ ಈಗ ಪಕ್ಕದಲ್ಲೇ ಕೂತಿದ್ದಾಳೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಎರ್ಸಾಂದ, ನೀನು ತಳ್ಳಿದ್ರಿಂದ ಅವ್ನು ಆರು ತಿಂಗಳು ಹೆಚ್ಚಿಗೆ ಬದುಕಿದ. ತಳ್ಳಿದ್ನಲ್ಲಾ ಅಂತ ಕೊರಗಬೇಡ. ಅಲ್ಲೇನು ಮಾಡ್ತೀಯ, ಊರಿಗೆ ಬಾ. ಅತ್ತೆ ಮನೆಗೆ ಹೋಗೋದು ಬೇಡ, ನನ್ ಹತ್ರ ಇರು. ಗೆರಿನ್‌ನೂ ಕರ್ಕೊಂಡ್ ಬಾ. ಬರಲ್ಲ ಅಂತಾನೆ, ನನ್ನ ಬೀದಿ ದಾಟಬೇಕಲ್ಲ ಅಂತ ಹೆದರ್ತಾನೆ. ಹೆದರೋದು ಬೇಡ ಅನ್ನು. ನಾನು ಏನೂ ಕೇಳಲ್ಲ ಅಂತ ಹೇಳು."